ಆಕಾಶದ ಪುಟಕ್ಕೆ ಬಂದವರು

ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ನುಗ್ಗಿ, ಲೈಟು ಹಾಕುವುದಕ್ಕೂ ಮೊದಲು ಕಬೀರ ಕೌಂಟರಿನ ಕಂಪ್ಯೂಟರಿನ ಗುಂಡಿ ಒತ್ತಿದ. ಮಾರ್ಚ್ ತಿಂಗಳ ಬಿಸಿಲಿಗೆ ಬಲ್ಮಠದ ರಸ್ತೆ ಆಗಲೇ ಕಾದಿತ್ತು. ಕಾಲೇಜಿನ ಹುಡುಗಿಯರು ಕೊಡೆ ಬಿಡಿಸಿಕೊಂಡು ಹೋಗುತ್ತಿದ್ದರು. ಪಕ್ಕದ ಜೆರಾಕ್ಸ್ ಅಂಗಡಿಯವನು ಅಂಗಳಕ್ಕೆ ನೀರು ಚಿಮುಕಿಸಿ ಧೂಳು ಕೂರಿಸುತ್ತಿದ್ದ. ಯಾರೂ ತನ್ನ ಕಡೆ ನೋಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಅವನು ಫೋನಿನ ತಂತಿಯನ್ನು ಮೋಡೆಮ್ಮಿನ ಪೆಟ್ಟಿಗೆಗೆ ಸಿಕ್ಕಿಸಿದ. ಪೆಟ್ಟಿಗೆ ಕಿರುಚಿತು, ಕಫ ಕಟ್ಟಿದವರ ಹಾಗೆ ಗಂಟಲು ಕೆರೆದುಕೊಂಡಿತು, ಆಮೇಲೆ ಸುಮ್ಮನಾಯಿತು. ತೆರೆಯ ಮೂಲೆಯಲ್ಲಿ ಬಳೆ ತೊಟ್ಟ ಚೆಂಡಿನಂಥ ಒಂದು ಸಣ್ಣ ಚಿತ್ರವಿತ್ತು. ಅದು ಶನಿ ಗ್ರಹ, ಮಗಳು ಸುಹೈಲಾ ಅಲ್ಲಿ ಇಟ್ಟದ್ದು. ಅದರ ಮೇಲೆ ಎರಡು ಸಲ ಬೇಗಬೇಗ ಒತ್ತಬೇಕು. ಬೆರಳಿಗೆ ಆ ಅವಸರ ಕಲಿಸುವುದಕ್ಕೆ ಅವನಿಗೆ ಬಹಳ ದಿನ ಹಿಡಿದಿತ್ತು. ಕಲಿತದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಪುಟ ಮೇಲಿನಿಂದ ಕೆಳಗೆ ಇಷ್ಟಿಷ್ಟೇ ಇಳಿಯತೊಡಗಿತು: ಮೊದಲು ಕಪ್ಪು ಆಕಾಶ, ಆಮೇಲೆ ಮಗಳ ಹೆಸರು, ಆಮೇಲೆ ಚಂದ್ರನ ನೆತ್ತಿ. ಎಲ್ಲಕ್ಕಿಂತ ಕೆಳಗೆ, ಕಟ್ಟಕಡೆಗೆ ಬರುವ ಕಪ್ಪು ಚೌಕದಲ್ಲಿ ಹಸಿರು ಅಂಕೆಗಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಅಂಕೆ ಓದುವುದಕ್ಕೆ ಅವನಿಗೆ ಯಾರ ಹಂಗೂ ಬೇಕಿರಲಿಲ್ಲ. ನಿನ್ನೆ ಸಂಜೆ ಅಂಗಡಿ ಮುಚ್ಚುವ ಮೊದಲು ನೋಡಿದಾಗ ಕೊನೆಯದು ಏಳಿತ್ತು. ಈಗ ಎಂಟು.

ಒಬ್ಬ ಬಂದು ಹೋಗಿದ್ದಾನೆ. ಒಬ್ಬ ಎಂದೇ ಅವನಿಗೆ ಅನ್ನಿಸುವುದು. ಒಬ್ಬಳು ಎಂದು ಒಮ್ಮೆಯೂ ಅನ್ನಿಸಿದ್ದಿಲ್ಲ. ಪುಟವನ್ನು ನೋಡಿ ಹೋದವರು ಎಷ್ಟು ಎಂದು ಆ ಅಂಕೆ ಹೇಳುತ್ತದೆ ಎಂಬುದನ್ನು ಕಂಪ್ಯೂಟರು ರಿಪೇರಿಯ ಡೆರಿಲ್ ಮಾತಿನ ನಡುವೆ ಹೇಳಿದ ದಿನದಿಂದ ಕಬೀರನಿಗೆ ನೆಮ್ಮದಿ ಇಲ್ಲ. ಇದೇ ಕೋಣೆ ಎಸ್‌ಟಿಡಿ ಬೂತ್ ಆಗಿದ್ದಾಗ ಗಾಜಿನ ಗೂಡಿನ ನೆತ್ತಿಯ ಮೇಲೆ ಇಂಥದೇ ಅಂಕೆಗಳು ಓಡುತ್ತಿದ್ದವು, ಕೆಂಪು ಬಣ್ಣದವು. ಒಳಗೆ ಒಂದು ಜೀವ ಮಾತಾಡದೆ ಅವು ಓಡಿದ್ದಿಲ್ಲ. ಗಿರಾಕಿಗಳು ಜಗಳ ತೆಗೆದಾಗಲೆಲ್ಲ ಅವನು ಮೀಟರಿನ ಕಡೆ ಬೆರಳು ತೋರಿಸಿ ಸುಮ್ಮನೆ ನಿಲ್ಲುತ್ತಿದ್ದ; ಮನುಷ್ಯ ಸುಳ್ಳು ಹೇಳಿಯಾನು, ಮೀಟರಿಗೆ ಸುಳ್ಳು ಹೇಳಿ ಎಂತ ಆಗಬೇಕು? ಆದರೆ ಆಗ ಬಂದವರ ಮುಖ ಕಾಣುತ್ತಿತ್ತು. ಮಸ್ಕತ್ತಿಗೆ, ದಮ್ಮಾಮಿಗೆ ಮಾತಾಡುವವರು ಊರು ದೂರವಾದಷ್ಟು ಗಟ್ಟಿ ಕೂಗುತ್ತಿದ್ದರು. ಯಾರ ಮನೆಯಲ್ಲಿ ಹೆರಿಗೆ, ಯಾರ ವೀಸಾ ಕ್ಯಾನ್ಸಲ್, ಯಾವ ಅಳಿಯ ಮಾತು ತಪ್ಪಿದ, ಎಲ್ಲ ಗಾಜು ದಾಟಿ ಅವನ ಕಿವಿಗೆ ಬಂದು ಬೀಳುತ್ತಿತ್ತು. ಈಗ ಗೂಡು ಒಡೆಸಿ, ಪ್ಲೈವುಡ್ಡಿನ ಅಡ್ಡಗೋಡೆ ನಿಲ್ಲಿಸಿ, ಹೂವಿನ ಪರದೆ ಕಟ್ಟಿಸಿ, ಹೊರಗೆ ಸೈಬರ್ ಎಂದು ಬೋರ್ಡು ಹಾಕಿಸಿದ ಮೇಲೆ ಅಂಗಡಿಗೆ ಮೂಗತನ ಬಂದುಬಿಟ್ಟಿತ್ತು. ಜನ ಬರುತ್ತಾರೆ, ಪರದೆ ಎಳೆಯುತ್ತಾರೆ, ಇಲಿ ಒಣಮೀನು ಕಡಿಯುವ ಹಾಗೆ ಕಿಟಿಕಿಟಿ ಸದ್ದು ಮಾಡುತ್ತಾರೆ, ಎದ್ದು ಹೋಗುತ್ತಾರೆ. ಯಾರ ಹತ್ತಿರ ಮಾತಾಡಿದರು, ಎಂತ ಮಾತಾಡಿದರು, ಒಂದೂ ತಿಳಿಯುವುದಿಲ್ಲ. ಅವರ ಬೆನ್ನನ್ನು ನೋಡುತ್ತ ಕೂತರೆ ಆ ಬೆನ್ನುಗಳೆಲ್ಲ ಏನನ್ನೋ ಅಡಗಿಸಿಕೊಂಡಿವೆ ಎಂದೇ ಅನ್ನಿಸುತ್ತದೆ.

ಒಬ್ಬ. ಹೆಚ್ಚಾಗಿ ಒಬ್ಬನೇ. ಬೆಳಿಗ್ಗೆ ನೋಡಿದರೆ ಒಬ್ಬ ಬಂದಿರುತ್ತಾನೆ, ಮಧ್ಯಾಹ್ನ ನಮಾಜು ಮುಗಿಸಿ ಬಂದು ನೋಡಿದರೆ ಮತ್ತೊಮ್ಮೆ, ಸುಹೈಲಾ ಚಾ ತರಲು ಹೋದಾಗ ಅವಸರದಲ್ಲಿ ನೋಡಿದರೆ ಇನ್ನೊಮ್ಮೆ. ಅಪರೂಪಕ್ಕೆ ಇಬ್ಬರು. ಇಷ್ಟು ನೇಮದಲ್ಲಿ ಬರುವವನು ದಾರಿಹೋಕನಲ್ಲ. ಕಬೀರನಿಗೆ ಆ ನೇಮದ ಪರಿಚಯವಿತ್ತು. ಹುಡುಗನ ಕಡೆಯವರು ಹೆಣ್ಣಿನ ಮನೆಗೆ ಬರುವ ಮೊದಲು ಆ ಕೇರಿಯಲ್ಲಿ ಒಬ್ಬನನ್ನು ಸುಳಿದಾಡಿಸುತ್ತಾರೆ. ಅವನು ನೇರ ಮನೆಗೆ ಬರುವುದಿಲ್ಲ. ಅಂಗಡಿಯಲ್ಲಿ ಬೀಡಿಗೆ ಬೆಂಕಿ ಕೇಳುತ್ತಾನೆ, ಬಸ್ಸಿನ ಹೊತ್ತು ಕೇಳುತ್ತಾನೆ, ಆಮೇಲೆ ನೆನಪಾದವನ ಹಾಗೆ, ಆ ಮನೆಯವರು ಹೇಗೆ ಎಂದು ಕೇಳುತ್ತಾನೆ. ಬೂತಿನ ಕಬೀರನನ್ನು ಹಾಗೆ ಎಷ್ಟೋ ಜನ ಕೇಳಿದ್ದರು. ಕಾವೂರಿನಿಂದ, ಪಡೀಲಿನಿಂದ, ಕಡಲಿನಾಚೆಯಿಂದ ಫೋನ್ ಮಾಡಿ ಕೂಡ. ಅವನು ಯಾರನ್ನೂ ಕೆಟ್ಟವರೆಂದು ಹೇಳಿದವನಲ್ಲ. ಒಳ್ಳೆಯ ಜನ ಎನ್ನುವ ಮೊದಲು ಒಂದು ಗಳಿಗೆ ತಡೆದರೆ ಸಾಕಿತ್ತು, ಕೇಳಲು ಬಂದವರು ಅರ್ಥ ಮಾಡಿಕೊಂಡು ಬಸ್ಸು ಹತ್ತುತ್ತಿದ್ದರು. ಈಗ ಅವನ ಮಗಳನ್ನು ಉಳ್ಳಾಲದ ಒಂದು ಮನೆಯವರು ಕೇಳಿದ್ದಾರೆ. ಹುಡುಗನಿಗೆ ಶಾರ್ಜಾದಲ್ಲಿ ಕೆಲಸ, ಕಂಪ್ಯೂಟರು ಗೊತ್ತಿದ್ದ ಹುಡುಗ. ಗೊತ್ತಿದ್ದವರು ಬೀಡಿಗೆ ಬೆಂಕಿ ಕೇಳಿಕೊಂಡು ಬಲ್ಮಠದವರೆಗೆ ಯಾಕೆ ಬರಬೇಕು? ಕೂತಲ್ಲಿಂದಲೇ ಬಂದು, ಹುಡುಗಿಯ ಹೆಸರು ನೋಡಿ, ಅವಳು ಎಂತ ಬರೆದಿದ್ದಾಳೆ ನೋಡಿ, ಏನೂ ಹೇಳದೆ ಹೋಗುತ್ತಿದ್ದಾರೆ. ಅವರು ಎಲ್ಲಿ ಒಂದು ಗಳಿಗೆ ತಡೆಯುತ್ತಿದ್ದಾರೋ ಎಂದು ಯೋಚಿಸುತ್ತ ಅವನು ಮತ್ತೆ ಅಂಕೆಯನ್ನು ನೋಡುತ್ತಿದ್ದ.

ಸುಹೈಲಾ ಬಿಎಸ್ಸಿ ಮುಗಿಸಿದ ಮೇಲೆ, ಮನೆಯಲ್ಲಿ ಸುಮ್ಮನೆ ಕೂತರೆ ತಲೆ ತುಕ್ಕು ಹಿಡಿಯುತ್ತದೆ ಎಂದು ಹಟ ಹಿಡಿದು ಅಂಗಡಿಯ ಕೌಂಟರಿಗೆ ಬಂದವಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಮೆರಿಕದವರ, ಯುರೋಪಿನವರ ಆಕಾಶದ ಪುಟಗಳನ್ನು ತೆರೆದು ಕೂರುತ್ತಿದ್ದಳು. ಮಂಗಳ ಗ್ರಹದ ಮೇಲೆ ಓಡಾಡಿದ ಆಟಿಕೆಯಂಥ ಗಾಡಿ ತೆಗೆದ ಕೆಂಪು ಕಲ್ಲುಗಳ ಚಿತ್ರ ಇಳಿದು ಮುಗಿಯುವಾಗ ಚಾ ಆರಿಹೋಗುತ್ತಿತ್ತು. ಇಷ್ಟೆಲ್ಲ ಇಂಗ್ಲಿಷಿನಲ್ಲಿ ಉಂಟು, ಕನ್ನಡದಲ್ಲಿ ಒಂದಾದರೂ ಬೇಡವಾ ಬಾಪ, ಎಂದು ಅವಳು ಕೇಳಿದಾಗ ಕಬೀರ ಬೇಕು ಎಂದಿದ್ದ. ಬೇಕು ಎನ್ನುವುದಕ್ಕೆ ಅವನಿಗೆ ಯಾವ ಕಷ್ಟವೂ ಇರಲಿಲ್ಲ, ಅದು ಏನೆಂದೇ ತಿಳಿದಿರಲಿಲ್ಲ. ಕನ್ನಡ ಅಕ್ಷರ ಎಲ್ಲರ ಕಂಪ್ಯೂಟರಿನಲ್ಲಿ ಮೂಡುವುದಿಲ್ಲವೆಂದು ಅವಳು ಒಂದೊಂದು ಸಾಲನ್ನೂ ಚಿತ್ರ ಮಾಡಿ, ಬಿಟ್ಟಿ ಜಾಗ ಕೊಡುವ ಯಾವುದೋ ಕಂಪನಿಯ ಪುಟಕ್ಕೆ ಏರಿಸುತ್ತಿದ್ದಳು. ಆಕಾಶದ ಪುಟ ಎಂದು ಹೆಸರಿಟ್ಟಳು. ಅದರ ಕೆಳಗೆ ತನ್ನ ಹೆಸರನ್ನೂ ಹಾಕಿದಳು. ಈಗ ಕೆಲವು ದಿನಗಳಿಂದ ರಷ್ಯಾದವರ ಮೀರ್ ಎಂಬ ಮುದಿ ಆಕಾಶನಿಲ್ದಾಣ ಬೀಳಲಿಕ್ಕಿದೆ ಎಂದು ಪೇಪರಿನಲ್ಲಿ ಬರುತ್ತಿತ್ತು. ಬಂದ ಗಿರಾಕಿಗಳೆಲ್ಲ ಅವಳನ್ನೇ ಕೇಳುವವರು.

“ಎಂತ ಸುಹೈಲಾ, ನಮ್ಮ ತಲೆ ಮೇಲೆ ಬೀಳ್ತದಾ ಹೇಗೆ? ಬೀಳುವುದಾದ್ರೆ ಸಾಲದವನ ಮನೆ ಮೇಲೆ ಬೀಳ್ಲಿಕ್ಕೆ ಹೇಳು ಮಾರಾಯ್ತಿ,” ಎಂದು ಡೆರಿಲ್ ಕಂಪ್ಯೂಟರಿನ ಹೊಟ್ಟೆಯೊಳಗೆ ಕೈ ಹಾಕಿಕೊಂಡೇ ನಗುತ್ತಿದ್ದ.

“ಪೆಸಿಫಿಕ್ ಸಮುದ್ರಕ್ಕೆ ಬೀಳುವ ಹಾಗೆ ಇಳಿಸ್ತಾರೆ. ಅಲ್ಲಿ ಮನುಷ್ಯರೇ ಇಲ್ಲ. ಪುಟದಲ್ಲಿ ಎಲ್ಲ ಬರೆದಿದ್ದೇನೆ, ಓದಿ ಸ್ವಲ್ಪ.”

“ನನಗೆ ಕನ್ನಡ ಓದ್ಲಿಕ್ಕೆ ತಲೆನೋವು ಬರ್ತದೆ. ನೀನೇ ಹೇಳಿದೆಯಲ್ಲ, ಸಾಕು.”

ಆ ಮಾತು ಕೇಳುತ್ತ ಕಬೀರನಿಗೆ ಹಿಂದೊಮ್ಮೆ ಅಮೆರಿಕದವರ ಸ್ಕೈಲ್ಯಾಬ್ ಬೀಳುತ್ತದೆಂದು ಊರಿಗೆ ಊರೇ ಹೆದರಿದ ಮಳೆಗಾಲ ನೆನಪಾಯಿತು. ಆಗ ಅವನು ಬಂದರಿನ ಗೋಡೌನಿನಲ್ಲಿ ಮೂಟೆ ಎಣಿಸುತ್ತಿದ್ದ. ಹೇಗೂ ಸಾಯುವ ಆಡು, ತಿಂದೇ ಸಾಯೋಣ ಎಂದು ಅವನ ಮಾವ ಸಾಕಿದ ಆಡನ್ನು ಕೊಯ್ಯಿಸಿದ. ಅವನನ್ನು ಹೆತ್ತ ಉಮ್ಮ ಮಾತ್ರ ತೊಟ್ಟಿಲ ಮಗುವಿಗೆ ಮರೆಯಾಗುವಂತೆ ತಾಮ್ರದ ದೊಡ್ಡ ಹಂಡೆಯನ್ನು ಎರಡು ಬೆಂಚುಗಳ ನಡುವೆ ಬೋರಲು ಹಾಕಿ, ಅದರ ಪಕ್ಕ ಇಡೀ ದಿನ ಕೂತಿದ್ದಳು. ಏನೂ ಬೀಳಲಿಲ್ಲ. ಮಾವ ಹಲವು ದಿನ ಆಡಿನ ಹಗ್ಗವನ್ನು ನೋಡುತ್ತ ಕೂರುತ್ತಿದ್ದ. ಬೀಳದೆ ಇದ್ದದ್ದಕ್ಕೆ ಅಮೆರಿಕದವರ ಮೇಲೆ ಅವನಿಗೆ ಸಿಟ್ಟು ಬಂದಿತ್ತು. ಕಬೀರನಿಗೆ ಈಗ ಆ ಸಿಟ್ಟು ಅರ್ಥವಾಗುವ ಹಾಗಿತ್ತು. ಕಾದು ಕೂತವನಿಗೆ ಬೀಳಬೇಕಾದದ್ದು ಒಮ್ಮೆ ಬಿದ್ದುಬಿಡಬೇಕು.

ಬುಧವಾರ ಸಂಜೆ ಪಡೀಲಿನ ಮನೆಯಲ್ಲಿ ಚಾ ಕುಡಿಯುವಾಗ ಖೈರುನ್ನಿಸಾ ಮಾತು ತೆಗೆದಳು. ಗಂಡನ ಹತ್ತಿರ ಮಾತಾಡುವಾಗ ಅವಳು ಅವನ ಮುಖ ನೋಡುವುದಿಲ್ಲ, ಅವನ ಕೈಯಲ್ಲಿದ್ದ ತಟ್ಟೆಯನ್ನು ನೋಡುತ್ತಾಳೆ.

“ಶುಕ್ರವಾರ ಜುಮಾ ನಮಾಜು ಆದ ಮೇಲೆ ಹುಡುಗನ ಮಾವ ಪಳ್ಳಿಯಲ್ಲೇ ಸಿಗ್ತೇನೆ ಅಂತ ಹೇಳಿ ಕಳಿಸಿದ್ದಾರೆ. ಹೂಂ ಅಂದ್ರೆ ಹೂಂ, ಇಲ್ಲ ಅಂದ್ರೆ ಇಲ್ಲ. ಅವರು ಎಷ್ಟು ದಿನ ಕಾಯ್ತಾರೆ?”

“ಅವಳ ಹತ್ತಿರ ಕೇಳು.”

“ನನ್ನ ಹತ್ತಿರ ಕೇಳುವುದು ಬೇಡ ಉಮ್ಮ,” ಎಂದು ಸುಹೈಲಾ ಬಾಗಿಲ ಬಳಿಯಿಂದ ಹೇಳಿದಳು. “ನಾನು ಬಾಪನ ಹತ್ತಿರ ಹೇಳಿಯಾಗಿದೆ. ಕೊಣಾಜೆ ಯುನಿವರ್ಸಿಟಿಯಲ್ಲಿ ಎಮ್ಮೆಸ್ಸಿಗೆ ಅರ್ಜಿ ಹಾಕ್ತೇನೆ. ಎರಡು ವರ್ಷ. ಆಮೇಲೆ ನೀವು ಹೇಳಿದ ಕಡೆ.”

“ಎರಡು ವರ್ಷ ಓದಿ ಎಂತ ಮಾಡ್ತಿ? ಚಂದ್ರನಿಗೆ ಹೋಗ್ತಿಯಾ? ಅಲ್ಲಿ ಪಾತ್ರೆ ತೊಳೆಯುವವರು ಬೇಕಂತಾ?”

“ಬರೀತೇನೆ. ಈಗ ಬರೆಯುವುದನ್ನೇ ಸರಿಯಾಗಿ ತಿಳಿದು ಬರೀತೇನೆ. ಜನ ಓದ್ತಾರೆ ಉಮ್ಮ. ನಾನು ತೆರೆದದ್ದನ್ನು ಕಳೆದು ಲೆಕ್ಕ ಹಿಡಿದ್ರೂ ದಿನಾ ಮೂರು ನಾಲ್ಕು ಸಲ ಬರ್ತಾರೆ. ಒಂದು ದಿನ ತಪ್ಪುವುದಿಲ್ಲ. ನನ್ನ ಮುಖ ಗೊತ್ತಿಲ್ಲದವರು ಅಷ್ಟು ನಿಷ್ಠೆಯಿಂದ ಬರ್ತಾರೆ ಅಂದ್ರೆ, ಅದರಲ್ಲಿ ಏನೋ ಉಂಟು ಅಂತ ಅಲ್ವಾ?”

ಅವಳು ಅದನ್ನು ಹೇಳುವಾಗ ಮುಖದಲ್ಲಿ ಬಂದ ಬೆಳಕನ್ನು ಕಬೀರ ತಟ್ಟೆಯ ಅಂಚಿನ ಮೇಲಿಂದ ನೋಡಿದ. ನಿಷ್ಠೆ ಎಂಬ ಮಾತು ಅವನ ಕಿವಿಯಲ್ಲಿ ಉಳಿಯಿತು. ಇವಳಿಗೆ ಗೊತ್ತುಂಟು ಎಂದುಕೊಂಡ. ಬರುವವನು ಯಾರೆಂದು ಗೊತ್ತುಂಟು, ಇಲ್ಲದಿದ್ದರೆ ಮುಖ ಹೀಗೆ ಬೆಳಗುವುದಿಲ್ಲ. ಹಾಗಾದರೆ ಅವನು ಉಳ್ಳಾಲದವರ ಕಡೆಯವನಲ್ಲ. ಬೇರೆ ಯಾರೋ. ಅದೇ ಅಂಕೆ ಇಷ್ಟು ದಿನ ವಿಚಾರಿಸಲು ಬಂದವನಾಗಿದ್ದು, ಈಗ ಕದ್ದು ಬರುವವನಾಗಿ ತಿರುಗಿತು. ಅವನು ಚಾವನ್ನು ಅರ್ಧಕ್ಕೆ ಬಿಟ್ಟು ಎದ್ದ. ಖೈರುನ್ನಿಸಾ ತಟ್ಟೆಯಿಂದ ಕಣ್ಣೆತ್ತಿ ಅವನ ಮುಖವನ್ನು ನೋಡಿದಳು, ಅಪರೂಪಕ್ಕೆ.

ಮರುದಿನ ಬೆಳಿಗ್ಗೆ ಅವನು ಅಂಕೆಯನ್ನು ಮಾತ್ರವಲ್ಲ, ಪುಟವನ್ನೇ ಹುಡುಕಿದ. ಮೊದಲೂ ಓದಿದ್ದ, ಎಷ್ಟೋ ಸಲ. ಸಾಲುಗಳು ಚಿತ್ರವಾಗಿ ಇಳಿಯುವ ವೇಗವೂ ನಾಲ್ಕನೇ ಕ್ಲಾಸಿನವನ ತುಟಿ ಅಲುಗುವ ವೇಗವೂ ಒಂದೇ ಆಗಿತ್ತು. ಬೇರೆ ಯಾವ ಬರಹವೂ ಅವನಿಗಾಗಿ ಹಾಗೆ ನಿಧಾನ ಮಾಡಿದ್ದಿಲ್ಲ. ಚಂದ್ರ ಭೂಮಿಗೆ ಯಾವಾಗಲೂ ಒಂದೇ ಮುಖವನ್ನು ತೋರಿಸುತ್ತಾನೆ, ಬೆನ್ನನ್ನು ನಾವು ಇಲ್ಲಿಂದ ಎಂದೂ ಕಾಣಲಾರೆವು, ಎಂದಿತ್ತು. ಮೊದಲ ಸಲ ಓದಿದಾಗ ಹೌದಲ್ಲ, ಇಷ್ಟು ವರ್ಷ ನೋಡಿಯೂ ಹೊಳೆಯಲಿಲ್ಲವಲ್ಲ ಎಂದು ಬೆರಗಾಗಿದ್ದ. ಆ ದಿನ ಅಂಗಳದಲ್ಲಿ ನಿಂತು ಚಂದ್ರನನ್ನು ನೋಡಿದ್ದ ಕೂಡ. ಈಗ ಅದೇ ಸಾಲು, ಮುಚ್ಚಿಟ್ಟ ಮುಖದ ಬಗ್ಗೆ ಇವಳು ಯಾರಿಗೆ ಹೇಳುತ್ತಿದ್ದಾಳೆ ಎಂದು ಕೇಳಿತು. ನಕ್ಷತ್ರದಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ವರ್ಷಗಳೇ ಬೇಕು, ಎಂದಿತ್ತು. ಯಾರು ಹೊರಟದ್ದು, ಯಾರನ್ನು ಮುಟ್ಟಲು? ಶನಿಯ ಕಡೆ ಹೊರಟ ನೌಕೆ ಇನ್ನೂ ದಾರಿಯಲ್ಲಿದೆ, ಅದಕ್ಕಾಗಿ ಕಾಯಬೇಕು, ಎಂದಿತ್ತು. ಕಬೀರ ಕುರ್ಚಿಗೆ ಒರಗಿದ. ಬೂತಿನ ದಿನಗಳಲ್ಲಿ ಕದ್ದು ಪ್ರೀತಿಸುವವರೆಲ್ಲ ಹೀಗೇ ಮಾತಾಡುತ್ತಿದ್ದರು, ಹವೆಯ ಬಗ್ಗೆ, ಬಸ್ಸಿನ ಬಗ್ಗೆ, ಪರೀಕ್ಷೆಯ ಬಗ್ಗೆ. ಹೇಳಬೇಕಾದದ್ದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಹೇಳುತ್ತಿದ್ದರು.

ಗುರುವಾರ ಅಂಗಡಿಗೆ ಬಂದವರಲ್ಲಿ ಅವನ ಕಣ್ಣು ಸೆವರಿನನ ಮೇಲೆ ನಿಂತಿತು. ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿದ್ದು ರಿಟೈರಾದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಕೊಡೆ. ದಿನಾ ಬರುತ್ತಾನೆ, ಕೊನೆಯ ಗೂಡಿನಲ್ಲೇ ಕೂರುತ್ತಾನೆ, ಪರದೆಯನ್ನು ಎರಡೂ ಕಡೆಯಿಂದ ಎಳೆದು ಸೀಳು ಬೀಳದ ಹಾಗೆ ನೋಡಿಕೊಳ್ಳುತ್ತಾನೆ. ಸುಹೈಲಾಳನ್ನು ಬಾಯಿ ತುಂಬ ಮಗಳೇ ಎನ್ನುತ್ತಾನೆ. ಅರುವತ್ತು ದಾಟಿದವನು ಎಂಬುದು ಕಬೀರನ ಸಂಶಯಕ್ಕೆ ಅಡ್ಡಿಯಾಗಲಿಲ್ಲ. ಅವನೇ ಅಲ್ಲದಿದ್ದರೆ ಅವನು ಯಾರದೋ ಪರವಾಗಿ ಬರುವವನು ಇರಬಹುದು. ಸುಹೈಲಾ ಬ್ಯಾಂಕಿಗೆ ಹೋಗಿದ್ದಳು. ಕಬೀರ ಶನಿಯ ಚಿತ್ರದ ಮೇಲೆ ಒತ್ತಿದ. ಪುಟ ಎಂದಿಗಿಂತ ಆಮೆಯಾಗಿ ಇಳಿಯಿತು. ಅಂಕೆ ಬಂತು. ಒಂದು ಹೆಚ್ಚಿತ್ತು. ಅಂಗಡಿಯಲ್ಲಿ ಆ ಹೊತ್ತಿಗೆ ಪರದೆಯ ಹಿಂದೆ ಇದ್ದದ್ದು ಸೆವರಿನ್ ಒಬ್ಬನೇ. ಕಬೀರ ಎದ್ದು ಹೋಗಿ, ಕೆಮ್ಮದೆ, ಕರೆಯದೆ, ಪರದೆಯನ್ನು ಎಳೆದ. ಎಳೆದ ರಭಸಕ್ಕೆ ಪರದೆ ಕಟ್ಟಿದ ಸರಿಗೆಯ ಒಂದು ತುದಿ ಕಿತ್ತು ಹೂವಿನ ಬಟ್ಟೆಯೆಲ್ಲ ಸೆವರಿನನ ತಲೆಯ ಮೇಲೆ ಬಿತ್ತು.

“ದೇವ್ರೇ! ಎಂತ ಸಾಹೇಬ್ರೇ, ಬೆಂಕಿ ಬಿತ್ತಾ?”

“ಎಂತ ನೋಡ್ತಿದ್ದೀರಿ ನೀವು?”

ಸೆವರಿನ್ ಬಟ್ಟೆಯನ್ನು ತಲೆಯಿಂದ ತೆಗೆದು ತೆರೆಯ ಕಡೆ ತಿರುಗಿದ. ಅಲ್ಲಿ ಬಿಳಿ ಟೊಪ್ಪಿ ಹಾಕಿದ ಒಂದು ಎಳೆಕೂಸಿನ ಹಣೆಯೂ ಮುಚ್ಚಿದ ಕಣ್ಣುಗಳೂ ಇದ್ದವು. ಅಲ್ಲಿಂದ ಕೆಳಗೆ ಬರೀ ಬೂದು.

“ಮಗಳ ಕೂಸು. ಕುವೈಟಿನಿಂದ ಕಳಿಸಿದ್ದು. ನಿನ್ನೆ ಅರ್ಧ ಆಗುವಾಗ ಕರೆಂಟ್ ಹೋಯ್ತು. ನನ್ನ ಹೆಂಡತಿ ಗೆರ್ಟ್ರೂಡ್ ಮೂಗು ತನ್ನ ಕಡೆಯದ್ದು ಅಂತ ಪಂಥ ಕಟ್ಟಿದ್ದಾಳೆ, ನೋಡಿ ಹೇಳ್ಬೇಕು ಅವಳಿಗೆ. ಸ್ವಲ್ಪ ನಿಲ್ಲಿ, ಈಗ ಮೂಗು ಬರ್ತದೆ,” ಎಂದು ಅವನು ಇನ್ನೂ ನಗುಮುಖದಲ್ಲೇ ಹೇಳಿದ.

ಅಲ್ಲಿಗೆ ನಿಲ್ಲಬಹುದಿತ್ತು. ಕಬೀರನಿಗೆ ಆಮೇಲೆ ಎಷ್ಟೋ ಹೊತ್ತು ಅನ್ನಿಸಿದ್ದು ಅದೇ. ಆದರೆ ಸಂಶಯಕ್ಕೆ ಒಮ್ಮೆ ಕಾಲು ಬಂದರೆ ಅದು ಎದುರಿನ ಗೋಡೆಗೆ ಹೋಗಿ ಬಡಿಯುವವರೆಗೆ ನಿಲ್ಲುವುದಿಲ್ಲ. “ಅದಕ್ಕೆ ಮೊದಲು ಎಂತ ನೋಡಿದ್ರಿ? ನನ್ನ ಮಗಳ ಪುಟ ತೆರೆದ್ರಲ್ಲ? ದಿನಾ ತೆರೀತೀರಲ್ಲ?” ಎಂದು ಕೇಳಿಬಿಟ್ಟ. ಸ್ವರ ಬೂತಿನ ದಿನಗಳಷ್ಟು ಗಟ್ಟಿಯಾಗಿತ್ತು. ಪಕ್ಕದ ಜೆರಾಕ್ಸಿನವನು ಬಾಗಿಲಿಗೆ ಬಂದು ನಿಂತ. ಕಬೀರ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅಡ್ಡಗೋಡೆಯ ಮೇಲೆ ಊರಿದ. ಕೆಳಗೆ ಹಾದುಹೋದ ಫೋನಿನ ತಂತಿ ಅವನ ಚಪ್ಪಲಿಗೆ ಸಿಕ್ಕಿ ಗೋಡೆಯಿಂದ ಕಿತ್ತು ಬಂತು. ತೆರೆಯ ಮೇಲೆ ಕೂಸು ಕಣ್ಣುಗಳಲ್ಲೇ ನಿಂತುಬಿಟ್ಟಿತು. ಸೆವರಿನ್ ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕಬೀರನನ್ನು ನೋಡಿದ. ತನ್ನನ್ನು ಯಾವುದಕ್ಕೆ ಬೈದರೆಂದು ಅವನಿಗೆ ನಿಧಾನಕ್ಕೆ ಅರ್ಥವಾದ ಹಾಗೆ ಕಾಣಿಸಿತು. ಅವನ ಕುತ್ತಿಗೆ ಕೆಂಪಾಯಿತು, ಆ ಕೆಂಪು ಕಿವಿಯವರೆಗೆ ಏರಿತು. ಅವನು ಕೊಡೆಯನ್ನು ತೆಗೆದುಕೊಂಡು, ಬಿದ್ದ ಪರದೆಯನ್ನು ನಾಲ್ಕು ಮಡಿಕೆ ಮಡಚಿ ಕುರ್ಚಿಯ ಮೇಲಿಟ್ಟು, ಕೂತ ಹೊತ್ತಿನ ದುಡ್ಡನ್ನು ಕೌಂಟರಿನಲ್ಲಿ ಇಟ್ಟು, ಜೆರಾಕ್ಸಿನವನನ್ನು ದಾಟಿ ಬಿಸಿಲಿಗೆ ಇಳಿದ. ಕೊಡೆ ಬಿಡಿಸಲು ಮರೆತ. ಕಬೀರ ಕೂಗಿ ಕರೆಯಬೇಕೆಂದುಕೊಂಡ. ಬಾಯಿ ತೆರೆದ ಕೂಡ. ಹೆಸರಿನ ಮುಂದೆ ಎಂತ ಸೇರಿಸಿ ಕರೆಯಬೇಕೆಂದು ತೋಚಲಿಲ್ಲ.

ಸುಹೈಲಾ ಬಂದಾಗ ಅವನು ಸರಿಗೆಗೆ ಮೊಳೆ ಹೊಡೆಯುತ್ತಿದ್ದ. ಪರದೆ ಹಳೆಯದು, ತಾನಾಗಿ ಬಿತ್ತು ಎಂದ.

ಶುಕ್ರವಾರ ಬೆಳಿಗ್ಗೆ ಅವಳು ಅವನಿಗಿಂತ ಮೊದಲೇ ಅಂಗಡಿಗೆ ಬಂದು ಕೂತಿದ್ದಳು. ಆ ದಿನ ಮೀರ್ ಇಳಿಯುವ ದಿನ. ಎರಡು ಪುಟಗಳನ್ನು ಒಟ್ಟಿಗೆ ತೆರೆದಿಟ್ಟು, ಒಂದರಲ್ಲಿ ರಷ್ಯಾದವರ ಸುದ್ದಿ ನೋಡುತ್ತ, ಇನ್ನೊಂದರಲ್ಲಿ ತನ್ನ ಸಾಲುಗಳನ್ನು ಚಿತ್ರ ಮಾಡುತ್ತ, ಉಗುರು ಕಚ್ಚುತ್ತ ಕೂತಿದ್ದಳು. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು “ಬಿತ್ತು ಬಾಪ!” ಎಂದು ಕುರ್ಚಿಯಿಂದ ಎದ್ದಳು. ಕೊನೆಯ ಸಾಲನ್ನು ಏರಿಸಿದಳು. ಕಬೀರ ಜುಮಾಕ್ಕೆ ಹೊರಡಲು ತೋಳು ಮಡಚುತ್ತಿದ್ದ. ಪಳ್ಳಿಯ ಮೆಟ್ಟಿಲ ಬಳಿ ಹುಡುಗನ ಮಾವ ನಿಂತಿರುತ್ತಾನೆ. ಅವನಿಗೆ ಹೂಂ ಎನ್ನಬೇಕಾದರೆ ಇದೊಂದು ಗೊತ್ತಾಗಬೇಕು.

“ಯಾರು ಅವನು?” ಎಂದು ಕೇಳಿದ.

“ಯಾರು?”

“ದಿನಾ ಬರುವವ. ನಿನ್ನ ಪುಟಕ್ಕೆ.”

ಅವಳು ನಕ್ಕಳು. “ನೀವೂ ಅಂಕೆ ನೋಡಿದ್ರಾ? ನನಗೆ ಹೇಗೆ ಗೊತ್ತು ಬಾಪ? ಯಾರೂ ಆಗಬಹುದು. ಶಿರಸಿಯವರು ಯಾರಾದ್ರೂ ಇರಬಹುದು, ಅಮೆರಿಕದಲ್ಲಿ ಇರುವ ಕನ್ನಡದವರು ಇರಬಹುದು. ಗೊತ್ತಿಲ್ಲದಿರುವುದೇ ಚೆಂದ.”

“ಸುಳ್ಳು ಬೇಡ. ಅವನ ಹೊತ್ತು ನನಗೆ ಬಾಯಿಪಾಠ ಉಂಟು. ಬೆಳಿಗ್ಗೆ ಶಟರು ಎತ್ತುವ ಹೊತ್ತಿಗೆ ಒಮ್ಮೆ. ನಾನು ನಮಾಜು ಮುಗಿಸಿ ಬರುವಾಗ ಒಮ್ಮೆ. ನೀನು ಚಾ ತರ್ಲಿಕ್ಕೆ ಹೋದಾಗ ಒಮ್ಮೆ. ಸಂಜೆ ಅಂಗಡಿ ಮುಚ್ಚುವಾಗ ಒಮ್ಮೆ. ನಿನ್ನ ತಂದೆ ಕುರುಡ ಅಂತ ಮಾಡಿದ್ದೀಯಾ?”

ಸುಹೈಲಾಳ ನಗು ಪೂರ್ತಿ ಹೋಗಲಿಲ್ಲ, ಎಲ್ಲಿತ್ತೋ ಅಲ್ಲೇ ನಿಂತಿತು. “ಅಷ್ಟು ಹೊತ್ತಿಗೆ ಅಂತ ನಿಮಗೆ ಹೇಗೆ ಗೊತ್ತು?” ಎಂದು ಕೇಳಿದಳು.

“ನೋಡ್ತೇನೆ.”

“ಹೇಗೆ ನೋಡ್ತೀರಿ? ತೋರಿಸಿ.”

ಕಬೀರ ಕೂತು, ಬಳೆ ತೊಟ್ಟ ಚೆಂಡಿನ ಮೇಲೆ ಎರಡು ಸಲ ಒತ್ತಿದ. ಮಗಳೆದುರು ಬೆರಳು ತಪ್ಪಲಿಲ್ಲ ಎಂಬ ಸಣ್ಣ ಹೆಮ್ಮೆಯೂ ಆ ಗಳಿಗೆಯಲ್ಲಿ ಅವನಿಗೆ ಆಯಿತು. ಪುಟ ಇಳಿಯಿತು. ಇಬ್ಬರೂ ಕಾದರು. ಅಂಕೆ ಬಂತು, ಒಂದು ಹೆಚ್ಚಾಗಿ.

“ನೋಡು! ಈಗ, ಇದೇ ಈಗ ಒಬ್ಬ ಬಂದ!”

“ಇನ್ನೊಮ್ಮೆ ತೆರೆಯಿರಿ.”

ತೆರೆದ. ಮತ್ತೆ ಒಂದು ಹೆಚ್ಚಾಯಿತು.

“ಈಗ ಬಂದದ್ದು ಯಾರು ಬಾಪ?”

ಅವಳು ಗಟ್ಟಿಯಾಗಿ ಕೇಳಲಿಲ್ಲ. ಕಬೀರ ತೆರೆಯನ್ನು ನೋಡಿದ, ತನ್ನ ಬೆರಳನ್ನು ನೋಡಿದ, ಮತ್ತೆ ತೆರೆಯನ್ನು ನೋಡಿದ. ಗಾಜಿನ ಗೂಡಿನೊಳಗೆ ಮಾತಾಡುತ್ತಿದ್ದವನನ್ನು ಇಷ್ಟು ದಿನ ಹೊರಗಿನಿಂದ ನೋಡುತ್ತಿದ್ದೆ ಎಂದುಕೊಂಡಿದ್ದವನಿಗೆ, ಒಳಗೆ ನಿಂತವನು ತಾನೇ ಎಂದು ತಿಳಿದ ಹಾಗಾಯಿತು. ಮೊದಲು ಬಂದದ್ದು ನಾಚಿಕೆ. ಕೊಡೆ ಬಿಡಿಸದೆ ಬಿಸಿಲಿಗಿಳಿದವನ ಕುತ್ತಿಗೆಯ ಕೆಂಪು ಈಗ ತನ್ನ ಕುತ್ತಿಗೆಯಲ್ಲಿ ಏರುವುದು ಅವನಿಗೆ ಗೊತ್ತಾಗುತ್ತಿತ್ತು. ಆಮೇಲೆ, ಅದರ ಹಿಂದೆಯೇ, ಯಾರೂ ಇಲ್ಲ, ಯಾರೂ ಇರಲಿಲ್ಲ ಎಂಬ ಹಗುರ. ಆ ಹಗುರದಲ್ಲೇ ಅವನು ತಲೆ ಎತ್ತಿ ಮಗಳನ್ನು ನೋಡಿದ. ಅವಳು ಗೋಡೆಗೆ ಒರಗಿದ್ದಳು. ಯಾರೂ ಇಲ್ಲ ಎಂಬುದು ಅವಳನ್ನೂ ಮುಟ್ಟಿತ್ತು. ಶಿರಸಿಯವರು, ಅಮೆರಿಕದವರು, ಒಂದು ದಿನ ತಪ್ಪದೆ ಬರುತ್ತಿದ್ದ ಮುಖ ಗೊತ್ತಿಲ್ಲದವರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಿರುವುದು ಅವಳ ಕಣ್ಣುಗಳಲ್ಲಿ ಕಾಣುತ್ತಿತ್ತು.

“ಹಾಗಾದ್ರೆ ಅಷ್ಟೇ,” ಎಂದಳು. “ಉಳ್ಳಾಲದವರಿಗೆ ಹೂಂ ಅಂತ ಹೇಳಿ ಬಿಡಿ. ಹೊತ್ತಾಯ್ತು ನಿಮಗೆ.”

ಬೇಕಾಗಿದ್ದ ಮಾತು ಅದು. ಬುಧವಾರ ಸಿಕ್ಕಿದ್ದರೆ ಚಾವನ್ನು ಪೂರ್ತಿ ಕುಡಿಯುತ್ತಿದ್ದ. ಪುಟ ಇನ್ನೂ ತೆರೆದೇ ಇತ್ತು. ಚಂದ್ರ ತನ್ನ ಒಂದೇ ಮುಖ ತೋರಿಸಿಕೊಂಡು ಮೇಲ್ಗಡೆ ನಿಂತಿದ್ದ. ನಾನು ಓದಿದ್ದೇನೆ ಎಂದು ಹೇಳಬಹುದಿತ್ತು. ಎಷ್ಟು ಸಲ ತೆರೆದೆನೋ ಅಷ್ಟು ಸಲವೂ ಓದಿದ್ದೇನೆ, ಚಂದ್ರನಿಗೆ ಬೆನ್ನು ಉಂಟೆಂದು ನನಗೆ ನೀನೇ ಹೇಳಿದ್ದು, ಎಂದು. ಅದು ನಿಜ. ಆದರೆ ನಾಲ್ಕನೇ ಕ್ಲಾಸಿನ ಒಬ್ಬ ತಂದೆ, ಅದೂ ಸಂಶಯದಿಂದ ಓದಿದ್ದು, ಅಷ್ಟೆಲ್ಲ ಜನರ ಜಾಗವನ್ನು ತುಂಬುತ್ತದೆಯೇ? ಆ ನಿಜ ಅವನ ಬಾಯಲ್ಲಿ ಬಡವಾಗಿ ಕಂಡಿತು.

“ನಾನು ಒಂದೆರಡು ಸಲ ನೋಡಿದ್ದು ಅಷ್ಟೇ,” ಎಂದ.

“ಹೊತ್ತು ಎಲ್ಲ ಹೇಳಿದ್ರಿ ಈಗ.”

“ಸಿಟ್ಟಿಗೆ ಹೇಳಿದೆ. ನನಗೆ ಇದು ಒತ್ತಲಿಕ್ಕೆ ಸರಿ ಬರ್ತದಾ? ಈ ವಾರ ಕಲಿತದ್ದು. ಮೊದಲಿನವರೆಲ್ಲ ಬೇರೆ. ಅವರು ಯಾರೋ ನನಗೆ ಗೊತ್ತಿಲ್ಲ.”

ಸುಹೈಲಾ ಅವನನ್ನು ನೋಡಿದಳು. ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ಅವಳು ಅವನನ್ನು ಎಂದೂ ನೋಡಿದ್ದಿಲ್ಲ: ಕಣ್ಣು, ತುಟಿ, ತೋಳು ಮಡಚುವುದನ್ನು ಅರ್ಧಕ್ಕೆ ಬಿಟ್ಟ ಕೈ. ಪರದೆಯ ಹಿಂದಿನ ಬೆನ್ನುಗಳನ್ನು ತಾನು ನೋಡುವ ರೀತಿ ಅದು ಎಂದು ಕಬೀರನಿಗೆ ಗುರುತು ಸಿಕ್ಕಿತು. ನೋಟ ಅವಳದಾಗಿತ್ತು, ಕಲಿತದ್ದು ಇವನಿಂದ.

“ಸರಿ. ನೋಡುವ,” ಎಂದಳು ಕೊನೆಗೆ. ಬಗ್ಗಿ, ತೆರೆಯ ಮೂಲೆಯ ಶನಿಯ ಚಿತ್ರವನ್ನು ಅಳಿಸಿದಳು. “ಒಂದು ವಾರ ನೀವು ಇದನ್ನು ಮುಟ್ಟಬೇಡಿ. ನಾನೂ ತೆರೆಯುವುದಿಲ್ಲ. ಬರುವ ಶುಕ್ರವಾರ ಒಮ್ಮೆ ತೆರೆದು, ನನ್ನ ಒಂದನ್ನು ಕಳೆದು ನೋಡ್ತೇನೆ. ಅಂಕೆ ಅಲ್ಲೇ ಇದ್ರೆ ನೀವು ಹೇಳಿದಲ್ಲಿಗೆ ಹೋಗ್ತೇನೆ, ಅಳುವುದೂ ಇಲ್ಲ. ಹೆಚ್ಚಾಗಿದ್ರೆ ಕೊಣಾಜೆ. ಅವರಿಗೆ ಒಂದು ವಾರ ಅಂತ ಹೇಳಿ.”

ಅವಳು ಮುಖ ತೊಳೆಯಲು ಹಿಂದಿನ ನಳ್ಳಿಗೆ ಹೋದಾಗ ಪುಟ ಇನ್ನೂ ಮುಚ್ಚಿರಲಿಲ್ಲ. ಅದರ ನೆತ್ತಿಯ ಮೇಲೆ ಉದ್ದಕ್ಕೆ ಒಂದು ಇಂಗ್ಲಿಷ್ ಸಾಲಿತ್ತು. ವಿಳಾಸ ಎಂದರೆ ಅದೇ ಎಂದು ಡೆರಿಲ್ ಗಿರಾಕಿಗಳಿಗೆ ಹೇಳುವುದನ್ನು ಅವನು ಕೇಳಿದ್ದ. ಕಬೀರ ಬಸ್ಸಿನ ಟಿಕೇಟಿನ ಬೆನ್ನಿಗೆ ಆ ಸಾಲನ್ನು ಬರೆದುಕೊಂಡ. ಬರೆದದ್ದಲ್ಲ, ಚಿತ್ರ ಬಿಡಿಸಿದ ಹಾಗೆ, ಒಂದೊಂದು ಗೆರೆಯ ಬಾಲ ಎತ್ತ ತಿರುಗಿದೆ ಎಂದು ನೋಡಿ ನೋಡಿ.

ಜುಮಾ ಮುಗಿದ ಮೇಲೆ ಹುಡುಗನ ಮಾವ ಮೆಟ್ಟಿಲ ಬಳಿ ಅತ್ತರಿನ ಕೈ ಚಾಚಿದ. ಒಂದು ವಾರ ಎಂದ ಕಬೀರ. “ಎಂತ ಕಬೀರಾಕ, ಹುಡುಗಿಗೆ ಇಷ್ಟ ಇಲ್ವಾ ಹೇಗೆ?” ಎಂದು ಅವನು ಕೇಳಿದಾಗ, ಹಾಗೆಂತ ಇಲ್ಲ ಎನ್ನುವ ಮೊದಲು ಕಬೀರ ಒಂದು ಗಳಿಗೆ ತಡೆದ. ಆ ಮನುಷ್ಯನ ಕೈ ಸಡಿಲವಾಯಿತು. ಮನೆಯ ಬಸ್ಸು ಹಿಡಿಯದೆ ಕಬೀರ ಹಂಪನಕಟ್ಟೆಯ ಕಡೆ ನಡೆದ. ಒಂದು ಮಹಡಿಯ ಮೇಲೆ ಸೈಬರ್ ಎಂಬ ಬೋರ್ಡು ಕಂಡು ಹತ್ತಿದ. ಒಳಗೆ ತನ್ನ ಪ್ರಾಯದವನೇ ಒಬ್ಬ ಕೌಂಟರಿನಲ್ಲಿ ಕೂತಿದ್ದ. ಬಿಳಿ ಟೊಪ್ಪಿಯಿಂದ ಧೂಳು ಹಿಡಿದ ಚಪ್ಪಲಿಯವರೆಗೆ ಇವನನ್ನು ಒಮ್ಮೆ ಅಳೆದ.

“ಎಂತ ಬೇಕಿತ್ತು? ಟೈಪಿಂಗಾ?”

“ಇದು ತೆರೆದು ಕೊಡಿ,” ಎಂದು ಕಬೀರ ಟಿಕೇಟನ್ನು ಚಾಚಿದ.

ಅವನು ಟಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿದ. “ಇದು ಎಂತದ್ದು? ಕೆಟ್ಟ ಪುಟ ಎಲ್ಲ ಇಲ್ಲಿ ತೆರೆಯುವ ಹಾಗಿಲ್ಲ, ಮೊದಲೇ ಹೇಳ್ತೇನೆ.”

“ಅಂಥದ್ದಲ್ಲ.”

“ಅಂಥದ್ದಲ್ಲ ಅಂತಲೇ ಎಲ್ಲರೂ ಹೇಳುವುದು,” ಎಂದು ಅವನು ಬಾಗಿಲಿಗೆ ಹತ್ತಿರದ, ಪರದೆಯಿಲ್ಲದ ಗೂಡನ್ನು ತೋರಿಸಿದ. ತಾನೇ ಬಂದು ಅಕ್ಷರಗಳನ್ನು ಕುಟ್ಟಿದ. ಒಂದು ಗೆರೆಯ ಬಾಲ ತಪ್ಪಾಗಿ ತಿರುಗಿದ್ದರಿಂದ ಮೊದಲ ಸಲ ಏನೂ ಬರಲಿಲ್ಲ. ಎರಡನೇ ಸಲ ಕಪ್ಪು ಆಕಾಶ ಇಳಿಯತೊಡಗಿತು. ಅವನು ಹೋಗಲಿಲ್ಲ. ಕಬೀರನ ಹೆಗಲ ಹಿಂದೆಯೇ ಕೈಕಟ್ಟಿ ನಿಂತ. ಹೆಸರು ಬಂತು. ಅದು ಹೆಣ್ಣಿನ ಹೆಸರು ಎಂದು ಹಿಂದೆ ನಿಂತವನು ಗಮನಿಸಿದ್ದು ಅವನ ಉಸಿರಿನಲ್ಲೇ ಕಬೀರನಿಗೆ ಗೊತ್ತಾಯಿತು. ಚಂದ್ರ ಬಂದ. ಅವನ ಕೆಳಗೆ ಬೆಳಿಗ್ಗೆ ಏರಿಸಿದ ಹೊಸ ಸಾಲು ಇಷ್ಟಿಷ್ಟೇ ಇಳಿದು ಬಂತು. ಕಬೀರನ ತುಟಿಗಳು ಅಲುಗಿದವು: ಮೀರ್ ಇಳಿಯಿತು, ಯಾರಿಗೂ ಏನೂ ಆಗಲಿಲ್ಲ.

“ಯಾರು ಬರೆದದ್ದು ಇದು?” ಎಂದ ಹಿಂದಿನವನು, ಕಣ್ಣು ಕಿರಿದು ಮಾಡಿ ಬಗ್ಗಿ. “ಕನ್ನಡದಲ್ಲಿ ಉಂಟಲ್ಲ! ಸ್ವಲ್ಪ ತಲೆ ತೆಗೀರಿ, ಕಾಣುವುದಿಲ್ಲ.”

ಕಬೀರ ಕುರ್ಚಿಯನ್ನು ಬದಿಗೆ ಎಳೆದುಕೊಂಡು, ಅವನಿಗೆ ಜಾಗ ಮಾಡಿಕೊಟ್ಟ.